ಒಳಗೆ ಯಾರಿದ್ದೀರಿ ಎಂದು ಕೇಳುತ್ತಿದ್ದ ಕಾಕಾ

ಕಾಕಾ ಒಂದೇ ಒಂದು ದಾಖಲೆ ಡಿಲೀಟ್ ಮಾಡಲು ತೆಗೆದುಕೊಳ್ಳುತ್ತಿದ್ದ ಹೊತ್ತಿನಲ್ಲಿ ನಾನು ಗೋರೆಗಾಂವ್ ಸ್ಟೇಶನ್ನಿಗೆ ನಡೆದುಹೋಗಿ, ವಡಾಪಾವ್ ತಿಂದು, ಚಹಾ ಕುಡಿದು ವಾಪಸ್ ಬರಬಹುದಿತ್ತು. ಉತ್ಪ್ರೇಕ್ಷೆಯಲ್ಲ, ಒಂದು ಸಲ ಹಾಗೆಯೇ ಮಾಡಿದ್ದೇನೆ. ಬಂದು ನೋಡಿದರೆ ಕಾಕಾ ಇನ್ನೂ ಸ್ಕ್ರೀನಿನ ಮೇಲೆ ಬೆರಳಿಟ್ಟುಕೊಂಡು ಆ ದಾಖಲೆಯಲ್ಲಿದ್ದ ಹೆಸರನ್ನು ಗಟ್ಟಿಯಾಗಿ ಓದುತ್ತಿದ್ದರು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬಡವರ ಹೆಸರು ಪೇಪರಿನಲ್ಲಿ ಬರುವುದು ಎರಡೇ ಕಾರಣಕ್ಕೆ, ಒಂದು ಸತ್ತಾಗ, ಇನ್ನೊಂದು ಕದ್ದಾಗ ಎಂದು ಅವರು ನಂಬಿದ್ದಾರೆ. ಎರಡನ್ನೂ ಅವರು ಇನ್ನೂ ಮಾಡಿಲ್ಲ. ಆಫೀಸಿನಲ್ಲಿ ಎಲ್ಲರಿಗೂ ಅವರು ಕಾಕಾ. ಮರಾಠಿಯವರೂ ಚಿಕ್ಕಪ್ಪನಿಗೆ ಕಾಕಾ ಎನ್ನುತ್ತಾರೆ, ಅವರ ಊರಾದ ಬಾಗಲಕೋಟೆ ಕಡೆಯವರೂ ಕಾಕಾ ಎನ್ನುತ್ತಾರೆ. ಹಾಗಾಗಿ ಈ ಒಂದು ವಿಷಯದಲ್ಲಿ ನಮ್ಮ ಆಫೀಸಿನಲ್ಲಿ ಭಾಷೆಯ ಜಗಳ ಬರಲಿಲ್ಲ.

ಹೋದ ತಿಂಗಳು ಅವರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ನಮ್ಮ ಮ್ಯಾನೇಜರ್ ಇಂಗ್ಲಿಷಿನಲ್ಲಿ ಚೆಂದದ ಭಾಷಣ ಮಾಡಿದ. ಅವನಿಗೆ ಮೂವತ್ತೆರಡು ವರ್ಷ, ಕಾಕಾನ ಅನುಭವವೇ ಅವನ ವಯಸ್ಸಿಗಿಂತ ಎರಡು ವರ್ಷ ಕಡಿಮೆ ಅಷ್ಟೆ. ಶಿಸ್ತು, ಸಮಯಪಾಲನೆ ಎಂದೆಲ್ಲ ಹೊಗಳಿದ. ಕಾಕಾಗೆ ಸಮಯಪಾಲನೆ ಇರಲಿಲ್ಲ. ಕಲ್ಯಾಣದಿಂದ ಲೋಕಲ್ ಹಿಡಿದು ದಾದರಿನಲ್ಲಿ ಬದಲಿಸಿ ಬರುವ ಮನುಷ್ಯ, ಎರಡು ಗಾಡಿ ಬಿಟ್ಟು ಮೂರನೆಯದಕ್ಕೆ ಹತ್ತುತ್ತಿದ್ದರು. ಮೊದಲ ಗಾಡಿಗೆ ನೂಕಿ ಹತ್ತುವವರೆಲ್ಲ ತಮಗಿಂತ ಅವಸರದಲ್ಲಿದ್ದಾರೆ ಎನ್ನುವುದು ಅವರ ವಾದ. ಮುಂಬಯಿಯಲ್ಲಿ ಐವತ್ತು ವರ್ಷ ಕಳೆದೂ ಈ ವಾದವನ್ನು ಉಳಿಸಿಕೊಂಡ ಇನ್ನೊಬ್ಬರನ್ನು ನಾನು ಕಂಡಿಲ್ಲ.

ನಾನು ಘಾಟ್ಕೋಪರಿನಲ್ಲಿ ಹುಟ್ಟಿ ಬೆಳೆದವಳು. ಅಪ್ಪ ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ. ಕೆಲಸಕ್ಕೆ ಸೇರಿದ ಮೊದಲ ದಿನ ಫೋನಿನಲ್ಲಿ ಅಮ್ಮನ ಹತ್ತಿರ ಮಾತಾಡುತ್ತಿದ್ದಾಗ ಹಿಂದಿನ ಕುರ್ಚಿಯಿಂದ ‘ನಮ್ಮಾಕೀನ ಏನು’ ಎಂಬ ದನಿ ಬಂತು. ತಿರುಗಿ ನೋಡಿದರೆ ದಾರ ಕಟ್ಟಿದ ಕನ್ನಡಕವನ್ನು ಎದೆಯ ಮೇಲೆ ಇಳಿಬಿಟ್ಟ, ತೆಳ್ಳಗಿನ, ಎತ್ತರದ ಒಬ್ಬರು. ಮಧ್ಯಾಹ್ನ ಅವರ ಡಬ್ಬಿಯಿಂದ ಜೋಳದ ಕಟಿರೊಟ್ಟಿ, ಶೇಂಗಾ ಚಟ್ನಿ ನನ್ನ ತಟ್ಟೆಗೆ ಬಂತು. ನನ್ನ ಡಬ್ಬಿಯ ಕುಚ್ಚಲಕ್ಕಿ ಅನ್ನ ನೋಡಿ ಅವರಿಗೆ ನಿಜವಾಗಿ ಬೇಸರವಾಯಿತು. ಇಷ್ಟು ದಪ್ಪ ಅಕ್ಕಿ ಉಂಡು ಮಧ್ಯಾಹ್ನ ಎಚ್ಚರ ಇರುವುದು ಹೇಗೆ, ಕೋಡು ಬರೆಯುವುದು ಹೇಗೆ ಎಂದು ಕೇಳಿದರು. ಆಮೇಲೆ ನನ್ನ ಕೋಡಿನಲ್ಲಿ ತಪ್ಪು ಸಿಕ್ಕಾಗಲೆಲ್ಲ ಆ ಅಕ್ಕಿಯ ಮೇಲೆಯೇ ಆರೋಪ ಹೊರಿಸುತ್ತಿದ್ದರು. ತಪ್ಪುಗಳೇನೂ ಕಡಿಮೆ ಇರಲಿಲ್ಲವಾದ್ದರಿಂದ ಅಕ್ಕಿಗೆ ಒಳ್ಳೆಯ ಕೆಟ್ಟ ಹೆಸರು ಬಂತು.

ನಮ್ಮದು ಹದಿನಾಲ್ಕು ಜನರ ಕಂಪನಿ. ಸಂಘಗಳಿಗೆ, ಹೌಸಿಂಗ್ ಸೊಸೈಟಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ನಾನು ಸೇರಿದಾಗ ಒಂದು ಕನ್ನಡ ಸಂಘದ ವಧು-ವರರ ನೋಂದಣಿಯ ಕೆಲಸ ನಡೆಯುತ್ತಿತ್ತು. ಬರೆಯುವುದು ಜಾವಾದಲ್ಲಿ. ಡೇಟಾಬೇಸಿನ ಕೋಷ್ಟಕದಲ್ಲಿ ಸಾಲಾಗಿ ಬಿದ್ದಿರುವ ಮಾಹಿತಿಯನ್ನು ಎತ್ತಿ, ಒಬ್ಬೊಬ್ಬರದನ್ನೂ ಒಂದೊಂದು ಗಂಟು, ಅಂದರೆ ಆಬ್ಜೆಕ್ಟ್, ಮಾಡಿ ನಮ್ಮ ಕೈಗೆ ಕೊಡುವುದಕ್ಕೆ, ಕೆಲಸ ಮುಗಿದ ಮೇಲೆ ವಾಪಸ್ ಇಟ್ಟು ಬರುವುದಕ್ಕೆ ಒಂದು ಫ್ರೇಮ್‌ವರ್ಕ್ ಇದೆ. ಪ್ರತಿಯೊಬ್ಬರಿಗೂ ಒಂದು ಕೀ, ಅಂದರೆ ಬೇರೆ ಯಾರಿಗೂ ಇಲ್ಲದ ಗುರುತಿನ ಸಂಖ್ಯೆ. ಮದುವೆ ನಿಶ್ಚಯವಾದವರನ್ನು ಪಟ್ಟಿಯಿಂದ ತೆಗೆಯಬೇಕಾದರೆ ಆ ಕೀ ಕೊಟ್ಟು ‘ಇವರನ್ನು ಅಳಿಸು’ ಎಂದು ಒಂದೇ ಸಾಲಿನಲ್ಲಿ ಹೇಳಬಹುದು. ಫ್ರೇಮ್‌ವರ್ಕ್ ಮರುಮಾತಿಲ್ಲದೆ ಅಳಿಸುತ್ತದೆ.

ಕಾಕಾಗೆ ಈ ಒಂದು ಸಾಲಿನ ಮೇಲೆ ಹಾವು ಮುಂಗುಸಿಯ ದ್ವೇಷ. ಅವರದು ಹಳೆಯ ಪದ್ಧತಿ. ಮೊದಲು ಕೀ ಕೊಟ್ಟು ಆ ಆಬ್ಜೆಕ್ಟನ್ನು ಹೊರಗೆ ತರಿಸಬೇಕು. ಬಂತೇ, ಇಲ್ಲವೇ ನೋಡಬೇಕು. ಬಂದದ್ದು ಯಾರು ಎಂದು ಹೆಸರನ್ನು ಲಾಗಿನಲ್ಲಿ, ಅಂದರೆ ನಡೆದದ್ದನ್ನೆಲ್ಲ ದಾಖಲಿಸುವ ಕಡತದಲ್ಲಿ, ಬರೆಸಬೇಕು. ಅಷ್ಟಾದ ಮೇಲೆಯೇ ಆ ಆಬ್ಜೆಕ್ಟನ್ನು ಹಿಡಿದು ‘ತೆಗೆ’ ಎನ್ನಬೇಕು. ಕೈಯಾರೆ ಅಳಿಸುವಾಗಂತೂ ಹೆಸರು ಬಾಯಿಬಿಟ್ಟು ಓದಲೇಬೇಕು. ನಾನು ಒಂದು ಸಾಲಿನಲ್ಲಿ ಆಗುವ ಕೆಲಸಕ್ಕೆ ನಾಲ್ಕು ಸಾಲು ಎಂತದಕ್ಕೆ ಎಂದು ವಾದಿಸಿದೆ. ಅವರು ಚಹಾಕ್ಕೆ ಮೂರನೇ ಚಮಚ ಸಕ್ಕರೆ ಹಾಕಿಕೊಂಡು (ಸಕ್ಕರೆ ಕಾಯಿಲೆಯಿಂದಾಗಿ ಅವರು ಕುಡಿಯುವುದು ಸಕ್ಕರೆ ಇಲ್ಲದ್ದು ಎಂದು ಮನೆಯವರ ತಿಳಿವಳಿಕೆ) ತಮ್ಮ ಅಪ್ಪನ ಕತೆ ಹೇಳಿದರು.

ಅವರ ಅಪ್ಪ ಮುಂಬಯಿಗೆ ಬಂದದ್ದು ಕಟ್ಟಡದ ಕೆಲಸಕ್ಕೆ, ಸೇರಿಕೊಂಡದ್ದು ಕೆಡವುವ ಗ್ಯಾಂಗಿಗೆ. ಸಾಲು ಕೋಣೆಗಳ ಹಳೆಯ ಚಾಳುಗಳನ್ನು ಬೀಳಿಸುವ ಕೆಲಸ. ಬೆಳಿಗ್ಗೆ ಮೊದಲ ಸುತ್ತಿಗೆ ಬೀಳುವ ಮುಂಚೆ ಗ್ಯಾಂಗಿನ ಒಬ್ಬ ಮೇಲಿನ ಮಾಳಿಗೆಯಿಂದ ಕೆಳಗಿನತನಕ ಒಂದೊಂದು ಖೋಲಿಯ ಬಾಗಿಲು ಬಡಿದು ಕೂಗಬೇಕು. ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ, ಹಿಂದಿಯಲ್ಲಿ ಒಮ್ಮೆ: ಒಳಗ ಯಾರದೀರಿ? ಎಲ್ಲ ಖಾಲಿ ಮಾಡಿ ಹೋಗಿಯಾಗಿದೆ, ಮುನ್ಸಿಪಾಲಿಟಿಯ ಕಾಗದವೂ ಇದೆ, ಆದರೂ ಕೂಗಬೇಕು. ಆ ಕೂಗುವ ಕೆಲಸ ಕಾಕಾನ ಅಪ್ಪನದು. ಬಹುತೇಕ ದಿನ ಯಾರೂ ಇರುತ್ತಿರಲಿಲ್ಲ. ಒಮ್ಮೆ ಬೆಕ್ಕು ಮರಿ ಹಾಕಿತ್ತು. ಒಮ್ಮೆ ಮಾತ್ರ, ಮಗನ ಮನೆಗೆ ಹೋಗಿದ್ದ ಮುದುಕರೊಬ್ಬರು ತಮ್ಮ ಹಳೆಯ ಖೋಲಿಯಲ್ಲಿ ಒಂದು ನಿದ್ದೆ ತೆಗೆಯೋಣವೆಂದು ಬಂದು ಮಲಗಿಬಿಟ್ಟಿದ್ದರು. ಕಿವಿ ಮಂದ. ಬಾಗಿಲು ಬಡಿದದ್ದಕ್ಕೂ ಎಚ್ಚರವಾಗಲಿಲ್ಲ, ಇವರು ಒಳಗೆ ಹೋಗಿ ನೋಡಿದ್ದಕ್ಕೆ ಉಳಿದರು.

ಕತೆ ಮುಗಿಸಿ ಕಾಕಾ ನನ್ನ ಸ್ಕ್ರೀನಿನ ಮೇಲೆ ಬೆರಳಿಟ್ಟರು. “ಕೀ ಅಂದ್ರ ಬಾಗಲದ ಮ್ಯಾಲಿನ ನಂಬರ್ ತಂಗಿ. ಒಳಗ ಇರೂದು ಮನಷ್ಯಾ. ನಂಬರ್ ನೋಡಿ ಮನಿ ಕೆಡವಬ್ಯಾಡ.”

ಆ ಬೆರಳಿನ ಗುರುತುಗಳನ್ನು ಪ್ರತಿ ಸೋಮವಾರ ಒರೆಸುವುದು ನನ್ನ ಪಾಲಿಗೆ ಬಂದಿತ್ತು. ಅವರು ಕೋಡನ್ನು ಕಣ್ಣಿನಿಂದ ಓದುತ್ತಿರಲಿಲ್ಲ. ಬಾಲವಾಡಿಯ ಮಕ್ಕಳ ಹಾಗೆ ಬೆರಳಿನಿಂದ, ಬಾಯಿಯಿಂದ ಓದುತ್ತಿದ್ದರು. ಅರ್ಧವಿರಾಮ ಚಿಹ್ನೆ ಬಂದಲ್ಲಿ ‘ಹ್ಞಾಂ’ ಎಂದು ಒಂದು ಉಸಿರು ಬಿಡುತ್ತಿದ್ದರು. ಹೊಸಬರು ನಗುತ್ತಿದ್ದರು. ಮ್ಯಾನೇಜರ್ ಹಲ್ಲು ಕಡಿಯುತ್ತಿದ್ದ. ಒಂದು ಸಣ್ಣ ಬದಲಾವಣೆ ಕಾಕಾನ ಮೇಜಿನಿಂದ ಹೊರಬರಲು ಎರಡು ದಿನ ಬೇಕು ಎನ್ನುವುದು ಅವನ ದೂರು, ಅದರಲ್ಲಿ ಸುಳ್ಳಿರಲಿಲ್ಲ. ನನಗೂ ಅವರ ನಿಧಾನ ತಲೆಚಿಟ್ಟು ಹಿಡಿಸುತ್ತಿತ್ತು. ನಾಲ್ಕು ತಿಂಗಳ ಅನುಭವದವಳಿಗೆ ಮೂವತ್ತು ವರ್ಷದ ಅನುಭವ ಎಂದರೆ ಅಷ್ಟಕ್ಕಷ್ಟೆ.

ಇನ್ನು ನಾನು ಮಾಡಿದ ಘನಕಾರ್ಯ ಹೇಳಬೇಕು.

ಆ ಸಂಘಕ್ಕೆ ಮೂರು ಶಾಖೆ. ಮಾಟುಂಗ, ಘಾಟ್ಕೋಪರ್, ಡೊಂಬಿವಲಿ. ನೋಂದಣಿಗೆ ಒಂದೇ ಸರಣಿಯ ಸಂಖ್ಯೆ ಕೊಡೋಣವೆಂದು ಕಾಕಾ ಮೊದಲೇ ಹೇಳಿದ್ದರಂತೆ. ಅದಕ್ಕೆ ಮೂರು ಶಾಖೆಯವರೂ ಕೂಡಿ ಸಭೆ ಮಾಡಿದರು. ಮಾಟುಂಗದವರು ತಾವು ಹಳಬರು, ಒಂದರಿಂದ ತಮ್ಮದೇ ಶುರುವಾಗಬೇಕು ಎಂದರು. ಘಾಟ್ಕೋಪರಿನವರು ತಮ್ಮ ಮಕ್ಕಳೇನು ಮಾಟುಂಗದ ಸಾವಿರ ಮಕ್ಕಳ ಮದುವೆ ಆಗುವವರೆಗೆ ಸಾಲಿನಲ್ಲಿ ನಿಲ್ಲಬೇಕೇ ಎಂದು ಎದ್ದರು. ಡೊಂಬಿವಲಿಯವರು ಊಟಕ್ಕೂ ಕೂರದೆ ಹೊರಟರು. ಕೊನೆಗೆ ಪ್ರತಿ ಶಾಖೆಯೂ ಒಂದರಿಂದಲೇ ಶುರು ಎಂದಾಯಿತು. ಕಾಕಾ ನಕ್ಕು, ಕೀಗೆ ಎರಡು ಭಾಗ ಮಾಡಿದರು: ಶಾಖೆಯ ಹೆಸರು, ಅದರ ಪಕ್ಕದಲ್ಲಿ ಸಂಖ್ಯೆ. ಎರಡೂ ಸೇರಿದರೆ ಒಬ್ಬರು.

ಒಂದು ಗುರುವಾರ ಕಾಕಾ ಕಣ್ಣಿನ ಪೊರೆ ತೋರಿಸಿಕೊಳ್ಳಲು ರಜೆ ಹಾಕಿದ್ದರು. ಮಾಟುಂಗದ ಮೂವತ್ತೊಂದನೇ ಹುಡುಗಿಗೆ ಮದುವೆ ನಿಶ್ಚಯವಾಗಿದೆ, ತೆಗೆಯಿರಿ ಎಂದು ಸಂಘದಿಂದ ಸಂದೇಶ ಬಂತು. ಕಾಕಾ ಇಲ್ಲದ ದಿನ ನನ್ನ ಚುರುಕುತನ ತೋರಿಸುವ ಎಂದು ನಾನು ಹೊಸದಾಗಿ ಬರೆದಿಟ್ಟಿದ್ದ ಒಂದು ಸಾಲನ್ನು ಓಡಿಸಿದೆ. ಸಂಖ್ಯೆ ಮೂವತ್ತೊಂದು ಇರುವುದನ್ನು ಅಳಿಸು. ಶಾಖೆಯ ಹೆಸರು ಹಾಕಲು ಮರೆತಿದ್ದೆ. ಫ್ರೇಮ್‌ವರ್ಕ್ ‘ಮೂರು’ ಎಂದು ಉತ್ತರ ಕೊಟ್ಟಿತು. ನಾನು ಅದನ್ನು ಓದಲೂ ಇಲ್ಲ, ಖುಷಿಯಲ್ಲಿ ಚಹಾ ಕುಡಿಯಲು ಎದ್ದೆ.

ಶುಕ್ರವಾರ ಮಧ್ಯಾಹ್ನ ಕಾಕಾ ಲಾಗಿನ ಮೇಲೆ ಬೆರಳು ಓಡಿಸುತ್ತಾ ಓಡಿಸುತ್ತಾ ನಿಂತರು. “ಒಬ್ಬಾಕಿ ಮದಿವಿಗೆ ಮೂರು ಮಂದಿ ಹ್ಯಾಂಗ ಹೋದ್ರವಾ?”

ಇಬ್ಬರೂ ಕೂತು ಹುಡುಕಿದೆವು. ಮಾಟುಂಗದವಳು ಸರಿಯಾಗಿಯೇ ಹೋಗಿದ್ದಳು. ಡೊಂಬಿವಲಿಯ ಮೂವತ್ತೊಂದು ಜಿಮ್ಮಿನಲ್ಲಿ ಫೋಟೊ ತೆಗೆಸಿಕೊಂಡ ಒಬ್ಬ ಹುಡುಗ. ಭಾನುವಾರ ತೆಗೆದಿಟ್ಟ ವಾರದ ಬ್ಯಾಕಪ್ ಪ್ರತಿಯಲ್ಲಿ ಅವನಿದ್ದ, ಹತ್ತು ನಿಮಿಷದಲ್ಲಿ ತಂದು ಕೂರಿಸಿದೆವು. ಅವನು ಸತ್ತು ಬದುಕಿದ್ದು ಇವತ್ತಿಗೂ ಅವನಿಗೆ ಗೊತ್ತಿಲ್ಲ. ಘಾಟ್ಕೋಪರಿನ ಮೂವತ್ತೊಂದು ಮಾತ್ರ ಎಲ್ಲಿಯೂ ಸಿಗಲಿಲ್ಲ. ಮೂವತ್ತನೆಯವರು ಸೋಮವಾರ ಬೆಳಿಗ್ಗೆ ಸೇರಿದ್ದರು, ಮೂವತ್ತೆರಡು ಅದೇ ದಿನ ಸಂಜೆ. ನಡುವಿನವರು ಸೋಮವಾರ ಬಂದು ಗುರುವಾರ ಹೋಗಿದ್ದರು. ಭಾನುವಾರದ ಪ್ರತಿಯಲ್ಲಿ ಇರುವ ಪ್ರಶ್ನೆಯೇ ಇಲ್ಲ. ಕಾಕಾನ ಪದ್ಧತಿಯಲ್ಲಿ ಮಾಡಿದ್ದರೆ ಲಾಗಿನಲ್ಲಿ ಕಡೆಗೆ ಹೆಸರಾದರೂ ಉಳಿಯುತ್ತಿತ್ತು. ನನ್ನ ಪದ್ಧತಿಯಲ್ಲಿ ಉಳಿದದ್ದು ಕೀ ಮಾತ್ರ. ಗಂಡೋ ಹೆಣ್ಣೋ ಅದೂ ಗೊತ್ತಿಲ್ಲ.

ಅದರ ಮೇಲೆ, ಬರುವ ಭಾನುವಾರವೇ ಮಾಟುಂಗದಲ್ಲಿ ವಧು-ವರರ ಸಮಾವೇಶ. ಪಟ್ಟಿಯಲ್ಲಿ ಇದ್ದವರ ಫೋನಿಗೆ ಶುಕ್ರವಾರ ಸಂಜೆ ಕರೆಯೋಲೆ ಹೋಗುತ್ತದೆ, ಅದನ್ನು ತೋರಿಸಿದವರಿಗೆ ಮಾತ್ರ ಹಾಲಿನ ಒಳಗೆ ಪ್ರವೇಶ. ಹೆಸರಿಲ್ಲದವರಿಗೆ ಓಲೆಯೂ ಇಲ್ಲ, ಬಾಗಿಲೂ ಇಲ್ಲ. ಮುಂದಿನ ಸಮಾವೇಶ ಮುಂದಿನ ವರ್ಷ.

ಮ್ಯಾನೇಜರ್ ಇದನ್ನು ಹಗುರವಾಗಿ ತೆಗೆದುಕೊಂಡ. ಒಬ್ಬರು ಹೋದರೆ ಏನಾಯಿತು, ಬೇಕಾದರೆ ಅವರೇ ಮತ್ತೆ ನೋಂದಾಯಿಸಿಕೊಳ್ಳುತ್ತಾರೆ, ಈಗ ಸಂಘಕ್ಕೆ ತಿಳಿಸಿ ರಾಡಿ ಮಾಡಬೇಡಿ ಎಂದ. ನಿಜ ಹೇಳುತ್ತೇನೆ, ಅವನ ಮಾತು ಕೇಳಿ ನನ್ನ ಜೀವಕ್ಕೆ ತಂಪಾಯಿತು. ಕಾಕಾ ತಲೆಯಾಡಿಸಿ ಹೊರಬಂದರು. ಲಿಫ್ಟ್ ಬಿಟ್ಟು ಮೆಟ್ಟಿಲು ಇಳಿಯುತ್ತಾ ನನಗೆ ಹೇಳಿದರು: ತಾನಾಗಿ ತಪ್ಪಿಹೋಯಿತು ಎಂದು ಅಳಿಸಿಹೋದವರಿಗೆ ಹೇಗೆ ಗೊತ್ತಾಗಬೇಕು, ಬೇಕಂತಲೇ ತೆಗೆದುಹಾಕಿದರು ಎಂದುಕೊಳ್ಳುವುದಿಲ್ಲವೇ. ನಾಳೆ ಶನಿವಾರ ಹತ್ತು ಗಂಟೆಗೆ ಘಾಟ್ಕೋಪರ್ ಸ್ಟೇಶನ್ನಿನ ಟಿಕೆಟ್ ಕಿಟಕಿಯ ಹತ್ತಿರ ನಿಂತಿರು ಎಂದರು. ಕೇಳಿದ್ದಲ್ಲ, ಹೇಳಿದ್ದು.

ಶನಿವಾರ ಹತ್ತಕ್ಕೆ ನಾನಿದ್ದೆ, ಹತ್ತೂ ಮುಕ್ಕಾಲಿಗೆ ಕಾಕಾ ಬಂದರು. ಮೂರನೇ ಗಾಡಿ. ಹೆಗಲಲ್ಲಿ ಲ್ಯಾಪ್‌ಟಾಪಿನ ಚೀಲ, ಕೈಯಲ್ಲಿ ಡಬ್ಬಿ. ಸಂಘದ ಶಾಖೆ ಎಂದರೆ ಒಂದು ಹಳೆಯ ಬಿಲ್ಡಿಂಗಿನ ನೆಲಮಾಳಿಗೆಯಲ್ಲಿ ಎರಡು ಕೋಣೆ, ಒಂದರಲ್ಲಿ ಲೈಬ್ರರಿ. ಅದನ್ನು ನೋಡಿಕೊಳ್ಳುವ ಅಕ್ಕ ಕುಂದಾಪುರದ ಕಡೆಯವರು, ನನ್ನನ್ನು ಫ್ರಾಕಿನ ಕಾಲದಿಂದ ಬಲ್ಲವರು. ಅಲ್ಲಿನ ಕಂಪ್ಯೂಟರಿನಲ್ಲಿ ಸೋಮವಾರ ಯಾರಾದರೂ ಅರ್ಜಿ ತುಂಬಿದ್ದರೇ ಎಂದು ಕೇಳಿದೆವು. ಅಕ್ಕ ಪುಸ್ತಕಕ್ಕೆ ರಟ್ಟು ಹಾಕುತ್ತಲೇ ನೆನಪಿಸಿಕೊಂಡರು. ಮಧ್ಯಾಹ್ನ ಒಬ್ಬ ಹೆಂಗಸು ಬಂದಿದ್ದಳು, ನರ್ಸಮ್ಮ, ಬಿಳಿ ಶೂ, ಸ್ಟೇಶನ್ನಿನ ಆಚೆ ಹೆರಿಗೆ ಆಸ್ಪತ್ರೆ ಉಂಟಲ್ಲ, ಅಲ್ಲಿಯವಳು. ಕನ್ನಡ ಟೈಪು ಬಾರದೆ ಒಂದು ಗಂಟೆ ಕೂತಳು. ಎರಡು ಸಲ ಎದ್ದು ಹೋಗಿ ಎರಡು ಸಲ ವಾಪಸ್ ಬಂದಳು.

ಆಸ್ಪತ್ರೆಯ ದಾರಿಯುದ್ದಕ್ಕೂ ನಾನು ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ರಿಹರ್ಸಲ್ ಮಾಡುತ್ತಿದ್ದೆ. ಸರ್ವರ್ ಸಮಸ್ಯೆ, ತಾಂತ್ರಿಕ ದೋಷ, ಅಡಚಣೆಗೆ ವಿಷಾದ. ಕಂಪ್ಯೂಟರಿನ ಮೇಲೆ ತಪ್ಪು ಹಾಕುವುದರಲ್ಲಿ ನಮ್ಮ ವೃತ್ತಿಯವರು ನಿಸ್ಸೀಮರು, ಅದಕ್ಕೆ ಬಾಯಿಲ್ಲವಲ್ಲ.

ಆಸ್ಪತ್ರೆಯ ಡ್ಯೂಟಿ ರೂಮಿನಲ್ಲಿ ಆಕೆ ಸಿಕ್ಕಳು. ನಲವತ್ತರ ಆಸುಪಾಸು, ಬಿಗಿಯಾಗಿ ಕಟ್ಟಿದ ತುರುಬು, ಕೈಯಲ್ಲಿ ಮಡಿಸುತ್ತಿದ್ದ ಹಸುಗೂಸಿನ ಬಟ್ಟೆಗಳ ರಾಶಿ. ಸಂಘದ ಮಾತು ಎತ್ತುತ್ತಿದ್ದಂತೆ ಮುಖ ಮುಚ್ಚಿದ ಬಾಗಿಲಾಯಿತು. ನಿನ್ನೆ ಸಂಜೆ ಜೊತೆಯ ನರ್ಸಿನ ತಂಗಿಗೆ ಕರೆಯೋಲೆ ಬಂದಿದೆ, ತನಗೆ ಬಂದಿಲ್ಲ. ಫೋನಿನಲ್ಲಿ ಹುಡುಕಿದರೆ ತನ್ನ ಹೆಸರೇ ಇಲ್ಲ. ಅವಳ ಮಾತು ವಿಜಯಪುರದ ಕಡೆಯದು.

“ವಿಧವಿ ಅಂತ ಬರದಿದ್ದೆ. ತಗದ ಹಾಕ್ತೀರಿ ಅಂತ ಗೊತ್ತಿತ್ತು. ಅದನ್ನ ಹೇಳಾಕ ಇಬ್ಬರು ಯಾಕ ಬಂದ್ರಿ?”

ಅಷ್ಟೇ ಹೇಳಿ ಬಟ್ಟೆ ಮಡಿಸುವುದನ್ನು ಮುಂದುವರಿಸಿದಳು. ನನ್ನ ತಾಂತ್ರಿಕ ದೋಷವನ್ನು ಅಲ್ಲೇ ಕೈಬಿಟ್ಟೆ. ಕಾಕಾ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಸಂಘದವ್ರು ತಗದಿಲ್ಲವ್ವಾ. ಅವ್ರಿಗೆ ಗೊತ್ತೂ ಇಲ್ಲ. ತಗದಾಂವ ನಾ. ಮೂವತ್ತೊಂದು ಅನ್ನೂ ನಂಬರ್ ಮೂರು ಮಂದಿಗಿತ್ತು. ಒಬ್ಬರನ್ನ ತಗ್ಯಾಕ ಹೋಗಿ ನೋಡದನ ಮೂವರನ್ನೂ ತಗದೆ. ನೀ ಏನ ಬರದಿದ್ದಿ ಅಂತ ನಾವು ಓದೇ ಇಲ್ಲ.”

ಅವರು ಎಷ್ಟು ಸಲೀಸಾಗಿ ‘ನಾ’ ಎಂದರೆಂದರೆ, ಒಂದು ಕ್ಷಣ ನನಗೂ ಅವರೇ ಮಾಡಿದ್ದೆನಿಸಿತು. ಮೂವತ್ತು ವರ್ಷ ಒಬ್ಬರನ್ನೂ ನೋಡದೆ ಅಳಿಸದ ಮನುಷ್ಯ, ನಿವೃತ್ತಿಯ ಅಂಚಿನಲ್ಲಿ, ಗುರುತಿಲ್ಲದ ಹೆಂಗಸಿನ ಮುಂದೆ ನನ್ನ ತಪ್ಪನ್ನು ತಮ್ಮ ತಲೆಯ ಮೇಲೆ ಹಾಕಿಕೊಂಡು ನಿಂತಿದ್ದರು. ನನಗೆ ನಾಚಿಕೆಯಾಯಿತು. ಆ ನಾಚಿಕೆ ಈಗಲೂ ನೆನಪಿದೆ, ಕಿವಿ ಬಿಸಿಯಾಗುವಂಥದ್ದು.

“ಅಕ್ಕಾ, ಅವರಲ್ಲ. ಅಳಿಸಿದ್ದು ನಾನು,” ಎಂದೆ.

ಆಕೆ ನನ್ನನ್ನು ನೋಡಿದಳು, ಕಾಕಾನನ್ನು ನೋಡಿದಳು. ಬಟ್ಟೆಯ ರಾಶಿ ಮಂಚದ ಮೇಲಿಟ್ಟಳು. ಇಷ್ಟಕ್ಕೆ ಹುಡುಕಿಕೊಂಡು ಬಂದಿರಾ, ಹೆಸರು ಗೊತ್ತಿಲ್ಲದೆ ಹೇಗೆ ಹುಡುಕಿದಿರಿ ಎಂದು ಕೇಳಿದಳು. ಬಿಳಿ ಶೂ ಹೇಳಿತು ಎಂದೆ. ನಗು ತಡೆಯಲು ನೋಡಿದಳು, ಆಗಲಿಲ್ಲ. ಸ್ಟೂಲು ಎಳೆದು ಕೊಟ್ಟಳು, ಚಹಾ ತರಿಸಿದಳು. ಕಾಕಾ ಸಕ್ಕರೆ ಕೇಳಿದಾಗ ಅವರ ಕಣ್ಣು, ಉಗುರು ನೋಡಿ ಒಂದೇ ಚಮಚ ಹಾಕಿದಳು. ಅವರು ಎದುರು ಮಾತಾಡಲಿಲ್ಲ, ಇದು ನಾನು ಕಂಡ ಪವಾಡಗಳಲ್ಲಿ ಒಂದು.

ಕಾಕಾ ಲ್ಯಾಪ್‌ಟಾಪ್ ತೆರೆದು ಅರ್ಜಿಯ ಪುಟ ತಂದರು. ಅವಳು ಹೇಳುತ್ತಾ ಹೋದಳು, ನಾನು ಟೈಪ್ ಮಾಡುತ್ತಾ ಹೋದೆ. ಗಂಡ ತೀರಿಹೋಗಿ ಒಂಬತ್ತು ವರ್ಷ. ಮಕ್ಕಳಿಲ್ಲ. ಅಣ್ಣನ ಸಂಸಾರದ ಜೊತೆ ಇದ್ದಾಳೆ. ಅಣ್ಣನಿಗೆ ಈ ಅರ್ಜಿಯ ವಿಷಯ ಗೊತ್ತಿಲ್ಲ, ಗೊತ್ತಾದರೆ ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ ಎನ್ನುತ್ತಾನೆ. ಕೊನೆಗೆ ‘ಬಾಳಸಂಗಾತಿಯ ಬಗ್ಗೆ ನಿಮ್ಮ ನಿರೀಕ್ಷೆ’ ಎನ್ನುವ ಜಾಗ ಬಂತು. ಮೊದಲ ಸಲ ಏನು ಬರೆದಿದ್ದಿರಿ ಎಂದು ಕೇಳಿದೆ. ಏನೂ ಬೇಡ ಎಂದು ಬರೆದಿದ್ದೆ ಎಂದಳು. ಅದನ್ನೇ ಹಾಕಲೇ ಎಂದೆ. ಅವಳು ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡಳು. ಇದೊಂದನ್ನು ತಾನೇ ಬರೆಯುತ್ತೇನೆ, ನೀವು ಆಚೆ ನೋಡಿ ಎಂದಳು. ಒಂದೊಂದು ಅಕ್ಷರಕ್ಕೂ ಹುಡುಕಾಡಿ ಬರೆದಳು. ಅಷ್ಟು ಹೊತ್ತೂ ಕಾಕಾ ಶಿಸ್ತಾಗಿ ಕಿಟಕಿಯ ಆಚೆ ಮೆಟ್ರೊ ಗಾಡಿ ನೋಡುತ್ತಿದ್ದರು.

ಬರೆದು ಮುಗಿದ ಮೇಲೆ ಅವಳಿಗೆ ಮೂವತ್ತೊಂದೇ ಸಂಖ್ಯೆ ಮತ್ತೆ ಕೊಟ್ಟು, ಕರೆಯೋಲೆಯನ್ನೂ ಅವಳ ಫೋನಿಗೆ ಕಳಿಸಿದೆವು. ನಾಳೆ ಬರುತ್ತೀರಲ್ಲ ಎಂದು ಕಾಕಾ ಕೇಳಿದ್ದಕ್ಕೆ ಹೂಂ ಎನ್ನಲಿಲ್ಲ. ಡ್ಯೂಟಿ ಇದೆ, ಅಣ್ಣ ಇದ್ದಾನೆ, ನೂರಾರು ಜನರ ಮುಂದೆ ನಿಲ್ಲುವುದು ತನ್ನಿಂದಾಗುವುದೋ ಇಲ್ಲವೋ ಎಂದಳು. ನಮ್ಮ ತಪ್ಪು ತಿದ್ದಿದ್ದು ಅಲ್ಲಿಗೆ ಮುಗಿಯಿತು, ಇನ್ನು ಬರುವುದು ಬಿಡುವುದು ಅವಳಿಗೆ ಬಿಟ್ಟದ್ದು ಎಂದು ನಾನು ಸಮಾಧಾನ ಮಾಡಿಕೊಂಡೆ. ಕಾಕಾ ಮಾಡಿಕೊಳ್ಳಲಿಲ್ಲ.

ಭಾನುವಾರ ಮಾಟುಂಗದ ಹಾಲಿನಲ್ಲಿ ನಮಗೆ ಏನೂ ಕೆಲಸವಿರಲಿಲ್ಲ. ಬಾಗಿಲಲ್ಲಿ ಓಲೆ ನೋಡಿ ಸಂಖ್ಯೆಯ ಬಿಲ್ಲೆ ಕೊಡುವ ಕಂಪ್ಯೂಟರ್ ಕೈಕೊಟ್ಟರೆ ಇರಲಿ ಎಂದು ಕರೆದಿದ್ದರು. ಕಾಕಾ ಬೆಳಿಗ್ಗೆ ಎಂಟಕ್ಕೇ ಬಂದಿದ್ದರು, ಅಂದರೆ ಆ ದಿನ ಮೊದಲ ಗಾಡಿಗೇ ನೂಕಿ ಹತ್ತಿರಬೇಕು. ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ಕೂತರು. ರೇಷ್ಮೆ ಸೀರೆಗಳು ಬಂದವು, ಮೊಣಕೈಯಿಂದ ತಿವಿದು ಹುಡುಗರನ್ನು ತೋರಿಸುವ ಅಮ್ಮಂದಿರು ಬಂದರು, ಜಿಮ್ಮಿನ ಹುಡುಗನೂ ಬಂದ. ಉಪ್ಪಿಟ್ಟು ಬಂತು, ಕಾಕಾ ಏಳಲಿಲ್ಲ. ಊಟದ ಹೊತ್ತಾಯಿತು, ಹೋಳಿಗೆಯ ಪರಿಮಳ ಬಂತು, ಆಗಲೂ ಏಳಲಿಲ್ಲ. ನಾನೇ ಎಲೆ ಹಿಡಿದಿಟ್ಟು ಕರೆದೆ. ಹಸಿವಿಲ್ಲ ಎಂದರು. ಹೋಳಿಗೆಗೆ ಹಸಿವಿಲ್ಲ ಎಂದ ಮನುಷ್ಯ ಅವರಲ್ಲ, ನನಗೆ ಗಾಬರಿಯಾಗತೊಡಗಿತು. ನನ್ನಿಂದಾಗಿ ಈ ಹೆಂಗಸು ಮನೆಯಲ್ಲೇ ಉಳಿದುಬಿಟ್ಟರೆ ಈ ಮನುಷ್ಯ ಅದನ್ನು ಮರೆಯುವುದಿಲ್ಲ, ನನಗೂ ಮರೆಯಲು ಬಿಡುವುದಿಲ್ಲ ಎನಿಸಿತು.

ಎರಡೂವರೆಗೆ, ಎರಡನೇ ಪಂಕ್ತಿ ಏಳುವ ಹೊತ್ತಿಗೆ, ಅವಳು ಬಂದಳು. ನೀಲಿ ಇಳಕಲ್ ಸೀರೆ, ಕಾಲಲ್ಲಿ ಅದೇ ಬಿಳಿ ಶೂ, ಡ್ಯೂಟಿಯಿಂದ ನೇರವಾಗಿ ಓಡಿ ಬಂದಿದ್ದಳು. ಬಾಗಿಲಿನವರು ಓಲೆ ನೋಡಿ ಹುಡುಕಿದರು, ಹೆಸರು ಸಿಕ್ಕಿತು, ಬಿಲ್ಲೆ ಕೊಟ್ಟರು. ನಮ್ಮನ್ನು ನೋಡಿ ತಲೆಯಾಡಿಸಿ ಒಳಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತಳು.

ಅಲ್ಲಿಯ ಕ್ರಮವೆಂದರೆ ಒಬ್ಬೊಬ್ಬರನ್ನೂ ವೇದಿಕೆಗೆ ಕರೆದು ಎರಡು ಮಾತು ಹೇಳಿಸುವುದು. ಹುಡುಗಿಯರು ಹೆಸರು ಹೇಳಿ ಓಡಿ ಇಳಿಯುತ್ತಿದ್ದರು, ಹುಡುಗರು ಸಂಬಳ ಹೇಳಿ ನಿಧಾನಕ್ಕೆ ಇಳಿಯುತ್ತಿದ್ದರು. ಕಾರ್ಯದರ್ಶಿಗಳು ‘ಘಾಟ್ಕೋಪರ್, ಮೂವತ್ತೊಂದು’ ಎಂದರು. ಯಾರೂ ಏಳಲಿಲ್ಲ. ಇನ್ನೊಮ್ಮೆ ಕರೆದರು. ಕಾಕಾನ ಕೈ ನನ್ನ ಕುರ್ಚಿಯ ಬೆನ್ನನ್ನು ಹಿಡಿದದ್ದು ನನಗೆ ಗೊತ್ತಾಯಿತು. ಆಗ ಅವಳು ಎದ್ದಳು. ನಡೆದು ಹೋಗಿ ಮೈಕಿನ ಮುಂದೆ ನಿಂತಳು. ಹೆಸರು ಹೇಳಿದಳು, ನರ್ಸ್ ಎಂದಳು, ಗಂಡ ತೀರಿಹೋಗಿ ಒಂಬತ್ತು ವರ್ಷ ಎಂದಳು. ಹಾಲಿನಲ್ಲಿ ಗುಸುಗುಸು ಎದ್ದಿತು, ಮುಂದಿನ ಸಾಲಿನ ಇಬ್ಬರು ಅಮ್ಮಂದಿರು ಪರಸ್ಪರ ಮುಖ ನೋಡಿಕೊಂಡರು. ಅವಳು ಕಾಯ್ದಳು. ಗುಸುಗುಸು ಇಳಿದ ಮೇಲೆ ಮೈಕನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

“ನಾ ಎರಡು ಸಲ ಅರ್ಜಿ ಹಾಕೀನಿ. ಮದಲನೇದ್ರಾಗ ಏನೂ ಬ್ಯಾಡ ಅಂತ ಬರದಿದ್ದೆ. ಅದು ಅಳಿಸಿ ಹೋತು, ಛಲೋ ಆತು. ಎರಡನೇದ್ರಾಗ ಖರೇ ಬರದೀನಿ. ನಾ ಡ್ಯೂಟಿ ಮುಗಿಸಿ ಬರೂದ್ರಾಗ ಅನ್ನಕ್ಕ ಇಟ್ಟಿರೋ ಮನಷ್ಯಾ ಬೇಕು. ಅಂಥಾಂವ ಇದ್ರ ಹೇಳ್ರಿ, ಇಲ್ಲಂದ್ರ ನಾ ಹಿಂಗ ಆರಾಮ ಅದೀನಿ.”

ಮೊದಲು ಚಪ್ಪಾಳೆ ಹೊಡೆದದ್ದು ಮುಂದಿನ ಸಾಲಿನ ಆ ಅಮ್ಮಂದಿರೇ. ಆಮೇಲೆ ಇಡೀ ಹಾಲು. ನನಗೆ ಅಳು ಬಂತು, ಅದನ್ನು ಮುಚ್ಚಿಡುವ ಗೋಜಿಗೆ ಹೋಗಲಿಲ್ಲ. ಕಾಕಾನ ಕಡೆ ತಿರುಗಿದರೆ ಅವರು ಕನ್ನಡಕ ಒರೆಸುತ್ತಿದ್ದರು, ಒರೆಸಿದಷ್ಟೂ ಮಂಜಾಗುತ್ತಿತ್ತು. ನನ್ನ ತಪ್ಪಿನಿಂದ ಹೀಗೂ ಆಯಿತಲ್ಲ ಎಂಬ ಒಂದು ಸಣ್ಣ ಹೆಮ್ಮೆ ನನ್ನ ಮುಖದಲ್ಲಿ ಕಂಡಿರಬೇಕು.

“ತಪ್ಪು ತಪ್ಪ ತಂಗಿ,” ಎಂದರು ಕಾಕಾ. “ಆಕಿ ಛಲೋ ಆತು ಅಂದ್ಲಂತ ನೀ ಇನ್ನೊಮ್ಮೆ ಮಾಡಬ್ಯಾಡ. ನಡಿ, ಹೋಳಿಗಿ ಐತೇನು ನೋಡೂಣು.”